ಮೇಷ್ಟ್ರು ರಿಚರ್ಡ್ ಡೇವಿಸ್ ಬಗ್ಗೆಯೂ ಬರೆಯಿರಿ

ಜಾಝ್ ಡಬಲ್ ಬೇಸ್ ವಾದಕ ರಿಚರ್ಡ್ ಡೇವಿಸ್ ಬಗ್ಗೆ ನೀವು ಬರೆದ ಲೇಖನವನ್ನು ಕನ್ನಡದಲ್ಲಿ ಓದಿ ತುಂಬಾ ಖುಷಿಯಾಯಿತು. ಗಾಯಕಿ ಸಾರಾ ವಾನ್ ಜೊತೆ ನುಡಿಸಿದ ವರ್ಷಗಳ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ಆದರೆ ಅವರ ಮೇಷ್ಟ್ರ ಕೆಲಸಕ್ಕೆ ಒಂದೇ ಸಾಲು ಸಿಕ್ಕಿದೆ. ಅದು ಕಡಿಮೆಯಾಯಿತು ಅಲ್ವಾ?

ನ್ಯೂಯಾರ್ಕಿನಲ್ಲಿ ಅಷ್ಟು ಹೆಸರು ಮಾಡಿದವರು 1977ರಲ್ಲಿ ಮ್ಯಾಡಿಸನ್‌ಗೆ ಹೋಗಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪಾಠಕ್ಕೆ ನಿಂತರು. 2016ರವರೆಗೂ ಅಲ್ಲೇ ಇದ್ದರು. ಸುಮಾರು 40 ವರ್ಷ! ಸುಮ್ನೆ ಆಗುವ ಮಾತಲ್ಲ. ಅವರಿಗೂ ಅಂಥ ಮೇಷ್ಟ್ರು ಸಿಕ್ಕಿದ್ದರು. ಶಿಕಾಗೋದ ಡುಸಾಬಲ್ ಹೈಸ್ಕೂಲಿನ ವಾಲ್ಟರ್ ಡಯಟ್. ಸ್ಯಾಕ್ಸೊಫೋನ್ ವಾದಕರಾದ ಜೀನ್ ಆಮನ್ಸ್, ಜಾನಿ ಗ್ರಿಫಿನ್ ಕೂಡ ಅವರ ಕೈಯಲ್ಲೇ ಪಳಗಿದವರು.

ನನಗೆ ಜಾಸ್ತಿ ಇಷ್ಟವಾಗುವುದು 1993ರಲ್ಲಿ ಎಳೆಯ ಬೇಸ್ ವಾದಕರಿಗೆಂದೇ ಡೇವಿಸ್ ಶುರು ಮಾಡಿದ ಫೌಂಡೇಶನ್. ಡಬಲ್ ಬೇಸ್ ಅಂದರೆ ಆಳೆತ್ತರಕ್ಕೂ ಮೀರಿದ ವಾದ್ಯ. ತಂತಿ ದಪ್ಪ, ಒತ್ತಿ ಹಿಡಿದರೆ ಎಳೆ ಬೆರಳಿಗೆ ಬೊಬ್ಬೆ ಬರುತ್ತದೆ. ಮಕ್ಕಳಿಗೆ ಅವರ ಅಳತೆಯ ಪುಟ್ಟ ಬೇಸ್ ಬೇಕು, ಪಕ್ಕದಲ್ಲಿ ನಿಂತು ಬೆರಳು ತಿದ್ದುವವರೂ ಬೇಕು.

ಅವರ ಕೈಚಳಕ ಕೇಳಬೇಕೆಂದರೆ ಗಾಯಕ ವ್ಯಾನ್ ಮಾರಿಸನ್ ಅವರ 1968ರ ಆಲ್ಬಮ್ ‘ಆಸ್ಟ್ರಲ್ ವೀಕ್ಸ್’ ಹಾಕಿ. ಫೋನಿನ ಸ್ಪೀಕರ್‌ನಲ್ಲಿ ಬೇಡ, ಹೆಡ್‌ಫೋನ್ ಹಾಕಿಕೊಳ್ಳಿ. ಬೇಸ್ ಹಾಡಿನ ಹಿಂದೆ ನಿಲ್ಲುವುದಿಲ್ಲ, ಹಾಡುವವರ ಕೈ ಹಿಡಿದು ನಡೆಸುತ್ತದೆ. ನಾನು ನಿನ್ನೆ ರಾತ್ರಿಯೂ ಕೇಳಿದೆ.

2023ರಲ್ಲಿ ಡೇವಿಸ್ ತೀರಿಕೊಂಡರು. ದಯವಿಟ್ಟು ಅವರ ಪಾಠದ ಬಗ್ಗೆಯೇ ಇನ್ನೊಂದು ಲೇಖನ ಬರೆಯಿರಿ, ಕಾಯುತ್ತೇನೆ.