ಸತ್ಯಾಂಶ: ಜಿ6ಪಿಡಿ ಕೊರತೆ ಇದ್ದವರು ಸೈಪ್ರಸ್‌ನಲ್ಲಿ ಕಾಳು ಮುಟ್ಟಬಾರದೇ?

‘ಜಿ6ಪಿಡಿ ಕಿಣ್ವದ ಕೊರತೆ ಇರುವವರು ಸೈಪ್ರಸ್‌ಗೆ ಹೋದರೆ ಹಮ್ಮಸ್, ಬೇಳೆ, ಕಾಳು ಯಾವುದನ್ನೂ ತಿನ್ನಬೇಡಿ’ ಎಂಬ ಸಂದೇಶ ವಾಟ್ಸ್ಆಪ್‌ನಲ್ಲಿ ಸುತ್ತುತ್ತಿದೆ. (ಜಿ6ಪಿಡಿ ಎಂದರೆ ಕೆಂಪು ರಕ್ತಕಣಗಳನ್ನು ಕಾಪಾಡುವ ಕಿಣ್ವ.) ಇದರಲ್ಲಿ ಅರ್ಧ ಮಾತ್ರ ನಿಜ.

ಅಪಾಯ ಇರುವುದು ಫಾವಾ ಬೀನ್ಸ್ (ಬ್ರಾಡ್ ಬೀನ್ಸ್) ಎಂಬ ಕಾಳಿನಲ್ಲಿ. ಅದರಲ್ಲಿರುವ ವೈಸಿನ್, ಕಾನ್‌ವೈಸಿನ್ ಎಂಬ ಅಂಶಗಳು ಹೊಟ್ಟೆ ಸೇರಿದ ಮೇಲೆ ಬದಲಾಗಿ, ಕಿಣ್ವದ ರಕ್ಷಣೆ ಇಲ್ಲದ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೆ ಸರಿಹೋಗುತ್ತದೆ ಎಂದು ನಂಬಬೇಡಿ.

ಸೈಪ್ರಸ್‌ನ ಗ್ರೀಕ್ ಮಾತಿನಲ್ಲಿ ಇದರ ಹೆಸರು ‘ಕುಕಿಯಾ’, ಟರ್ಕಿಶ್‌ನಲ್ಲಿ ‘ಬಕ್ಲಾ’. ಈ ಎರಡು ಪದ ನೆನಪಿದ್ದರೆ ಅರ್ಧ ಕೆಲಸ ಮುಗಿದಂತೆ. ಹಸಿ ಕುಕಿಯಾವನ್ನು ಆರ್ಟಿಚೋಕ್ ಎಂಬ ತರಕಾರಿಯ ಜೊತೆ ಬೇಯಿಸುವುದುಂಟು. ತಮಾಷೆ ಎಂದರೆ, ಗ್ರೀಕ್ ಮೆನುವಿನ ‘ಫಾವಾ’ ಸಾಮಾನ್ಯವಾಗಿ ಹಳದಿ ಬೇಳೆಯ ಮುದ್ದೆ, ಫಾವಾ ಬೀನ್ಸ್ ಅಲ್ಲ! ಆದರೂ ಕೇಳಿಯೇ ತಿನ್ನಿ. ಫಲಾಫೆಲ್ (ಕರಿದ ವಡೆಯಂಥ ತಿಂಡಿ) ಕೆಲವೆಡೆ ಕಡಲೆಯದ್ದು, ಈಜಿಪ್ಟ್ ಶೈಲಿಯದ್ದಾದರೆ ಫಾವಾದ್ದು; ಅಲ್ಲೂ ಕೇಳಬೇಕು.

ಕಾಬೂಲಿ ಕಡಲೆಯ ಹಮ್ಮಸ್, ಸೊಪ್ಪಿನೊಂದಿಗೆ ಬೇಯಿಸಿದ ಅಲಸಂದೆಯ ‘ಲೂವಿ’, ಹಲ್ಲೂಮಿ ಚೀಸ್, ಕೆಸುವಿನ ಗೆಡ್ಡೆಯ ‘ಕೊಲೊಕಾಸಿ’ ಇವುಗಳಿಗೆ ಈ ದೋಷವಿಲ್ಲ. ನಮ್ಮ ಅವರೆಕಾಳನ್ನೂ ಇಂಗ್ಲಿಷ್‌ನಲ್ಲಿ ‘ಬ್ರಾಡ್ ಬೀನ್ಸ್’ ಎನ್ನುವುದರಿಂದ ಗೊಂದಲ. ಅದು ಬೇರೆಯೇ ಗಿಡ.

ತಪ್ಪಿ ತಿಂದರೆ ಒಂದೆರಡು ದಿನದಲ್ಲಿ ಸುಸ್ತು, ಹಳದಿ ಕಣ್ಣು, ಕೋಲಾದಂಥ ಕಪ್ಪು ಮೂತ್ರ ಕಾಣಿಸಬಹುದು. ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ, ಜಿ6ಪಿಡಿ ಕೊರತೆ ಇದೆ ಎಂದು ಮೊದಲೇ ಹೇಳಿ; ಕೆಲವು ಔಷಧಗಳೂ ಇವರಿಗೆ ಆಗುವುದಿಲ್ಲ.