ಸ್ಪಷ್ಟನೆ: ಆ ಮಂಜುಗಡ್ಡೆ ಫೋಟೊ ರಂಗನತಿಟ್ಟಿನದಲ್ಲ

‘ರಂಗನತಿಟ್ಟಿನಲ್ಲಿ ಕಾವೇರಿ ಹೆಪ್ಪುಗಟ್ಟಿದೆ, ಮಂಜುಗಡ್ಡೆ ಮೇಲೆ ಗರುಡಗಳು ಕೂತಿವೆ’ ಅಂತ ಒಂದು ಫೋಟೊ ಓಡಾಡುತ್ತಿದೆ. ನಿನ್ನೆ ನಾನೂ ಅದನ್ನು ನಮ್ಮ ಬಡಾವಣೆ ಗುಂಪಿಗೆ ಹಾಕಿದ್ದೆ. ಅದು ತಪ್ಪು ಮಾಹಿತಿ.

ರಾತ್ರಿ ಫೋಟೊ ಹಿಗ್ಗಿಸಿ ನೋಡಿದೆ. ಹಕ್ಕಿಯ ತಲೆ ಬಿಳಿ, ಬಾಲವೂ ಬಿಳಿ, ಎದೆ ಮಾತ್ರ ಕಡು ಕಂದು. ಕೊಕ್ಕು ದಪ್ಪ, ಹಳದಿ. ಇದು ಬಾಲ್ಡ್ ಈಗಲ್, ಉತ್ತರ ಅಮೆರಿಕದ ಹದ್ದು. ನಮ್ಮ ಗರುಡನಿಗೆ ತಲೆ ಜೊತೆ ಎದೆಯೂ ಬಿಳಿ, ಮೈ ಇಟ್ಟಿಗೆ ಬಣ್ಣ. ಅವಸರದಲ್ಲಿ ನೋಡಿದರೆ ಮೋಸ ಹೋಗೋದು ಸಹಜ.

ಇಂಥ ನೋಟ ಅಮೆರಿಕದ ಮಿಸಿಸಿಪ್ಪಿ ನದಿಯ ಉತ್ತರ ಭಾಗದಲ್ಲಿ ಚಳಿಗಾಲಕ್ಕೆ ಮಾಮೂಲಿ. ಅಲ್ಲಿ ನದಿ ಗಟ್ಟಿಯಾದರೂ ಅಣೆಕಟ್ಟುಗಳ ಕೆಳಗೆ ನೀರು ರಭಸವಾಗಿರುವುದರಿಂದ ಹೆಪ್ಪುಗಟ್ಟುವುದು ಕಡಿಮೆ. ಮೀನು ಸಿಗೋದು ಅಲ್ಲೇ, ಹಾಗಾಗಿ ಹದ್ದುಗಳೂ ಅಲ್ಲೇ ಸೇರುತ್ತವೆ.

ನೀರು ಹೆಪ್ಪುಗಟ್ಟಲು ಸೊನ್ನೆ ಡಿಗ್ರಿ ಬೇಕು. ಮೈಸೂರಿನ ಜನವರಿ ಬೆಳಗು ಸಾಮಾನ್ಯವಾಗಿ 15ರ ಆಸುಪಾಸು. ಸ್ವೆಟರ್ ಸಾಕು, ಅಲ್ವಾ?

ದಯವಿಟ್ಟು ಇದನ್ನು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅಳಿಸಿಬಿಡಿ. ಚಳಿಗಾಲದ ಅತಿಥಿಗಳನ್ನು ನೋಡಬೇಕಿದ್ದರೆ ನಂಜನಗೂಡು ಕಡೆಯ ಹದಿನಾರು ಎಂಬ ಊರಿನ ಕೆರೆಗೆ ಹೋಗಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ.