ಅಭ್ಯಾಸ ಆಗುತ್ತೆ ಅಂತ ಮಾತ್ರ ಹೇಳಬೇಡಿ

ನಿನ್ನೆ ಭಾನುವಾರ ಬದ್ಲಾಪುರಕ್ಕೆ ಹೋಗಿ ಬಂದೆ, ಮುಂಬಯಿ ಲೋಕಲ್‌ನಲ್ಲಿ ಕಲ್ಯಾಣ್ ದಾಟಿ ಸಿಗುವ ಊರು. ತಮ್ಮನ ಮಗ ಮತ್ತು ಅವನ ಹೆಂಡತಿ ಮನೆ ನೋಡಲು ಹೊರಟಿದ್ದರು. ಅತ್ತೆ, ನೀವೂ ಬನ್ನಿ ಅಂದರು. ಬಂದಾಗಿನಿಂದ ಹೊಟ್ಟೆಯೊಳಗೆ ಸಂಕಟ. ಬರೆಯದಿದ್ದರೆ ನಿದ್ದೆ ಬರಲ್ಲ.

ಮನೆ ಚೆನ್ನಾಗಿಯೇ ಇದೆ. ಎರಡು ಬೆಡ್‌ರೂಮು, ಅಡುಗೆಮನೆಗೆ ಅಂಟಿಕೊಂಡು ಡ್ರೈ ಬಾಲ್ಕನಿ, ಹಾಲ್‌ನ ಕಿಟಕಿಯಿಂದ ನೋಡಿದರೆ ಬೆಟ್ಟದ ಸಾಲು. ಬಿಲ್ಡರ್ ಕಡೆಯ ಹುಡುಗ ಕಾರಲ್ಲಿ ಕರೆದುಕೊಂಡು ಹೋದ. ಸ್ಟೇಶನ್ನಿಗೆ ಐದು ನಿಮಿಷ ಅಂದ. ಭಾನುವಾರ ಹನ್ನೊಂದು ಗಂಟೆಗೆ, ಕಾರಲ್ಲಿ, ಐದೇ ನಿಮಿಷ ಆಯಿತು, ನಿಜ. ನಮ್ಮ ಹುಡುಗಿ ಟೇಪು ಹಿಡಿದು ಫ್ರಿಜ್ ಎಲ್ಲಿ ಇಡೋದು ಅಂತ ಗೋಡೆ ಅಳೆಯುತ್ತಿದ್ದಳು. ಅವಳ ಮುಖದಲ್ಲಿ ಅಷ್ಟು ಖುಷಿ. ನಾನು ಕೇಳಿದೆ, "ಬೆಳಿಗ್ಗೆ ಎಷ್ಟು ಗಂಟೆಗೆ ಫೋರ್ಟ್‌ನಲ್ಲಿ ಇರಬೇಕಮ್ಮ ನೀನು?" ಫೋರ್ಟ್ ಅಂದರೆ ಮುಂಬಯಿಯ ದಕ್ಷಿಣ ತುದಿ, ಅವಳ ಕೆಲಸ ಅಲ್ಲಿ. ಅವಳು ಬಾಯಿ ತೆರೆಯುವ ಮೊದಲೇ ನನ್ನ ತಮ್ಮ ಹೇಳಿದ, "ಅಕ್ಕ, ನೀನೂ ಡೊಂಬಿವಲಿಯಿಂದ ಅಷ್ಟು ವರ್ಷ ಹೋಗಿ ಬಂದವಳಲ್ವಾ? ಅಭ್ಯಾಸ ಆಗುತ್ತೆ ಬಿಡು."

ಮುಂಬಯಿಯ ನಮ್ಮವರ ಎಷ್ಟು ಮನೆಗಳಲ್ಲಿ ಈ ಮಾತು ಕೇಳಿದ್ದೇನೋ. ಇದನ್ನು ಹೇಳುವವರು ಆ ರೈಲು ಹತ್ತಬೇಕಾದವರಾಗಿರುವುದಿಲ್ಲ. ತಮ್ಮನಿಗೆ ಅಂಗಡಿ ಮನೆಯ ಕೆಳಗೇ ಇದೆ. ಅವನ ಮಗನದ್ದು ಐರೋಲಿಯಲ್ಲಿ ಐಟಿ ಕೆಲಸ, ವಾರಕ್ಕೆ ಎರಡು ದಿನ ಆಫೀಸಿಗೆ ಹೋದರೆ ಸಾಕು. ದಿನಾ ಹೋಗಬೇಕಾದವಳು ಸೊಸೆ. ಅವಳದ್ದು ಕೌಂಟರಿನ ಕೆಲಸ, ಮನೆಯಲ್ಲಿ ಕೂತು ಮಾಡುವಂಥದ್ದಲ್ಲ. ಲೋನಿನಲ್ಲಿ ಅವಳ ಹೆಸರೂ ಇರುತ್ತದೆ, ಕಂತಿನಲ್ಲಿ ಅವಳ ಸಂಬಳವೂ ಹೋಗುತ್ತದೆ. ಆದರೂ ಅವಳನ್ನು ಯಾರೂ ಕೇಳಲಿಲ್ಲ.

ಲೆಕ್ಕ ಹಾಕೋಣ. ಫೋರ್ಟ್ ಹತ್ತಿರದ ಕೊನೆಯ ಸ್ಟೇಶನ್ ಸಿಎಸ್‌ಎಂಟಿ. ಅಲ್ಲಿಂದ ಥಾಣೆ 34 ಕಿಲೋಮೀಟರ್, ಡೊಂಬಿವಲಿ 48, ಬದ್ಲಾಪುರ 68. ನಕ್ಷೆಯಲ್ಲಿ ನೋಡಿದರೆ ಡೊಂಬಿವಲಿಗಿಂತ ಇಪ್ಪತ್ತೇ ಕಿಲೋಮೀಟರ್ ಜಾಸ್ತಿ. ಆದರೆ ದೂರಕ್ಕಿಂತ ದೊಡ್ಡ ವಿಷಯ ಕಲ್ಯಾಣ್. ಅಲ್ಲಿ ಲೈನು ಎರಡಾಗಿ ಸೀಳುತ್ತದೆ, ಒಂದು ಕಸಾರಾ ಕಡೆಗೆ, ಇನ್ನೊಂದು ಕರ್ಜತ್ ಕಡೆಗೆ. ಸಂಜೆ ಸಿಎಸ್‌ಎಂಟಿಯಲ್ಲಿ ನಿಂತ ಡೊಂಬಿವಲಿಯವಳಿಗೆ ಕಲ್ಯಾಣ್, ಟಿಟ್ವಾಲಾ, ಆಸನ್‌ಗಾಂವ್, ಕಸಾರಾ, ಅಂಬರನಾಥ್, ಬದ್ಲಾಪುರ, ಎಷ್ಟೊಂದು ಗಾಡಿ ಆಗುತ್ತವೆ. ಬದ್ಲಾಪುರದವಳಿಗೆ ಬದ್ಲಾಪುರ, ಕರ್ಜತ್, ಖೋಪೋಲಿ ಅಷ್ಟೇ. ಒಂದು ತಪ್ಪಿತು ಅಂದರೆ ಮುಂದಿನದಕ್ಕೆ ಕಾಯಬೇಕು, ಆ ಮುಂದಿನದರಲ್ಲಿ ಎರಡು ಗಾಡಿಯ ಜನ. ಥಾಣೆ–ದಿವಾ ನಡುವೆ ಐದನೇ, ಆರನೇ ಲೈನು 2022ರಲ್ಲಿ ಶುರುವಾಯಿತು. ಆದರೆ ಅದು ಕಲ್ಯಾಣ್‌ಗಿಂತ ಮೊದಲು. ಕಲ್ಯಾಣ್ ದಾಟಿ ಬದ್ಲಾಪುರದ ಕಡೆಗೆ ಇರುವುದು ಎರಡೇ ಲೈನು, ಹೋಗೋದಕ್ಕೊಂದು, ಬರೋದಕ್ಕೊಂದು. ಪುಣೆ ಕಡೆಯ ಮೇಲ್ ಗಾಡಿ, ಗೂಡ್ಸ್ ಎಲ್ಲ ಅದರಲ್ಲೇ. ಮೂರನೇ, ನಾಲ್ಕನೇ ಲೈನಿನ ಕೆಲಸ ನಡೆಯುತ್ತಿದೆ. ಮುಗಿಯಲಿ, ನನಗೂ ಸಂತೋಷ. ಆದರೆ ಕಂತು ಶುರುವಾಗೋದು ಈಗಲೇ ಅಲ್ವಾ?

ಮಳೆಗಾಲವನ್ನೂ ಮರೆಯಬಾರದು. 2019ರ ಜುಲೈ 27ರಂದು ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಇದೇ ಬದ್ಲಾಪುರ–ವಾಂಗಣಿ ನಡುವೆ ನೀರಲ್ಲಿ ಸಿಕ್ಕಿಹಾಕಿಕೊಂಡಿತ್ತು. ಉಲ್ಹಾಸ್ ನದಿ ಉಕ್ಕಿತ್ತು. ಸಾವಿರಕ್ಕೂ ಜಾಸ್ತಿ ಜನರನ್ನು ಹೊರಗೆ ತರಲು ದೋಣಿ, ಹೆಲಿಕಾಪ್ಟರ್ ಬಂದವು.

ಅಭ್ಯಾಸ ಅಂದರೆ ಏನು ಅಂತ ನನ್ನನ್ನು ಕೇಳಿ. ಲೇಡೀಸ್ ಡಬ್ಬಕ್ಕೆ ಹತ್ತಿದ ಕೂಡಲೇ ಕೂತವರನ್ನು ಒಬ್ಬೊಬ್ಬರಾಗಿ "ಕುಠೆ ಉತರ್ಣಾರ್?" (ಎಲ್ಲಿ ಇಳೀತೀರಿ?) ಅಂತ ಮರಾಠಿಯಲ್ಲಿ ಕೇಳುತ್ತಾ ಹೋಗಬೇಕು. ಯಾರೋ ಘಾಟ್ಕೋಪರ್ ಅಂದರೆ ಆ ಸೀಟು ನಿಮಗೆ ಬುಕ್ ಆಯಿತು. ಅಲ್ಲಿಯವರೆಗೆ ಅವರ ಮೊಣಕಾಲಿಗೆ ಮೊಣಕಾಲು ತಾಗಿಸಿ ನಿಲ್ಲಬೇಕು, ಬೇರೆಯವರು ನುಗ್ಗದ ಹಾಗೆ. ಸಿಕ್ಕಿದ್ದು ಫೋರ್ತ್ ಸೀಟ್, ಅಂದರೆ ಮೂರು ಜನರ ಬೆಂಚಿನಲ್ಲಿ ನಾಲ್ಕನೆಯವರ ಜಾಗ, ಆದರೆ ಅರ್ಧ ಸೊಂಟ ಬೆಂಚಿನ ಮೇಲೆ, ಅರ್ಧ ಗಾಳಿಯಲ್ಲಿ. ಡೊಂಬಿವಲಿಯ ಹೆಂಗಸರು ಸೀಟಿಗಾಗಿ ಉಲ್ಟಾ ಕಲ್ಯಾಣ್‌ಗೆ ಹೋಗಿ, ಅದೇ ಗಾಡಿಯಲ್ಲಿ ಕೂತು ವಾಪಸ್ ಬರುತ್ತಾರೆ. ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಜನ ನಿಲ್ಲುವ ಸ್ಥಿತಿಗೆ ರೈಲ್ವೆಯವರು 'ಸೂಪರ್ ಡೆನ್ಸ್ ಕ್ರಶ್ ಲೋಡ್' ಅಂತ ಹೆಸರಿಟ್ಟಿದ್ದಾರೆ. ನನಗೆ ಸೊಂಟನೋವು ಬಂದದ್ದು ವಯಸ್ಸಾಗಿ ಅಲ್ಲ.

ಇನ್ನೊಂದು ವಿಷಯ ಮನೆಯಲ್ಲಿ ಯಾವತ್ತೂ ಹೇಳಿರಲಿಲ್ಲ. ಥಾಣೆ–ಡೊಂಬಿವಲಿ ನಡುವಿನ ಮುಂಬ್ರಾ ತಿರುವು ಬಂದಾಗ ದಿನಾ ನನಗೆ ಭಯವಾಗುತ್ತಿತ್ತು. ಬಾಗಿಲ ಹತ್ತಿರ ನಿಲ್ಲಬೇಕಾಗಿ ಬಂದ ದಿನ ಕಂಬ ಹಿಡಿದ ಕೈ ಬೆವರುತ್ತಿತ್ತು, ಬಾಯಲ್ಲಿ ಮಂಜುನಾಥ, ಮಂಜುನಾಥ. 2025ರ ಜೂನ್ 9ರ ಬೆಳಿಗ್ಗೆ ಅದೇ ಮುಂಬ್ರಾದ ತಿರುವಿನಲ್ಲಿ ಎದುರುಬದುರು ಹೋಗುತ್ತಿದ್ದ ಎರಡು ಲೋಕಲ್‌ಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಗೆ ಬಿದ್ದರು. ಜೀವಗಳೇ ಹೋದವು. ಟಿವಿ ಮುಂದೆ ಕೂತು ಅತ್ತುಬಿಟ್ಟೆ. ಅವರಿಗೂ ಯಾರೋ ಒಬ್ಬರು ಅಭ್ಯಾಸ ಆಗುತ್ತೆ ಅಂತ ಹೇಳಿಯೇ ಇರುತ್ತಾರೆ.

ಹಾಗಾದರೆ ದುಡ್ಡು ಎಲ್ಲಿಂದ ತರೋದು ಅಂತ ಕೇಳುತ್ತೀರಿ. ಸರಿಯಾದ ಪ್ರಶ್ನೆ. ಥಾಣೆಯಲ್ಲಿ ಹೊಸ ಮನೆ ನಮ್ಮಂಥವರ ಕೈಗೆ ಎಟುಕಲ್ಲ, ಗೊತ್ತು. ಬದ್ಲಾಪುರದ ಎರಡು ಬೆಡ್‌ರೂಮಿನ ದುಡ್ಡಿಗೆ ಇತ್ತ ಕಡೆ ಹಳೆಯ ಕಟ್ಟಡದಲ್ಲಿ ಒಂದು ಬೆಡ್‌ರೂಮು ಸಿಕ್ಕರೆ ಪುಣ್ಯ. ಆದರೆ ಹೆಚ್ಚಿನ ಆ ಒಂದು ಕೋಣೆಗೆ ಯಾರು ಏನು ಕೊಡುತ್ತಿದ್ದಾರೆ ಅಂತ ನೋಡಿ. ಎರಡೂ ಕಡೆಯ ಶೇರ್ ರಿಕ್ಷಾ, ಸಂಜೆ ಆ ರಿಕ್ಷಾದ ಸಾಲಿನಲ್ಲಿ ಕಾಯೋದು, ಮುಂದೆ ಮಗು ಆದರೆ ರಾತ್ರಿ ಎಂಟೂವರೆವರೆಗೆ ಇಟ್ಟುಕೊಳ್ಳುವ ಪಾಳಣಾಘರ್, ಅಂದರೆ ಮಕ್ಕಳನ್ನು ನೋಡಿಕೊಳ್ಳುವ ಮನೆ. ಬಾಗಿಲಿನಿಂದ ಬಾಗಿಲಿಗೆ ಎರಡು ಗಂಟೆಗೆ ಕಮ್ಮಿ ಆಗಲ್ಲ, ಒಂದು ಕಡೆಗೆ. ಆ ಕೋಣೆಯಲ್ಲಿ ಕೂರೋಕೆ ಅವಳು ಮನೆಯಲ್ಲಿ ಇರೋದು ಯಾವಾಗ?

ಮೆಟ್ರೋ ಬರುತ್ತೆ ಅಂತ ತಮ್ಮನ ವಾದ. ಥಾಣೆ–ಭಿವಂಡಿ–ಕಲ್ಯಾಣ್ ಮೆಟ್ರೋಗೆ ಪ್ರಧಾನಿ ಕಲ್ಯಾಣ್‌ಗೇ ಬಂದು ಕಲ್ಲು ಹಾಕಿದ್ದು 2018ರ ಡಿಸೆಂಬರ್‌ನಲ್ಲಿ. ನಾನಿನ್ನೂ ಕಲ್ಯಾಣ್‌ನಲ್ಲಿ ಮೆಟ್ರೋ ಹತ್ತಿಲ್ಲ. ಅದು ಬಂದರೂ ಫೋರ್ಟ್‌ಗೆ ಹೋಗುವವಳಿಗೆ ಲೋಕಲ್ಲೇ ಗತಿ. ನಾದಿನಿಯದ್ದು ಇನ್ನೊಂದು, ಪನ್ವೇಲ್ ತಗೊಳ್ಳಿ, ಮಂಗಳೂರಿನ ಗಾಡಿ ಮತ್ಸ್ಯಗಂಧ ಅಲ್ಲೇ ನಿಲ್ಲುತ್ತೆ, ಊರಿಗೆ ಹೋಗೋಕೆ ಸಲೀಸು ಅಂತ. ಊರಿಗೆ ಹೋಗೋದು ಮೇ ತಿಂಗಳಲ್ಲೊಮ್ಮೆ, ಯಾರದ್ದಾದರೂ ಮದುವೆಗೊಮ್ಮೆ. ಪನ್ವೇಲ್‌ನಿಂದ ಸಿಎಸ್‌ಎಂಟಿಗೆ ಹಾರ್ಬರ್ ಲೈನಿನಲ್ಲಿ ಫಾಸ್ಟ್ ಗಾಡಿಯೇ ಇಲ್ಲ, ಎಲ್ಲ ಸ್ಟೇಶನ್ನಿನಲ್ಲೂ ನಿಂತು ನಿಂತು ಒಂದು ಗಂಟೆ ಇಪ್ಪತ್ತು ನಿಮಿಷ.

ಕಾಗದಪತ್ರ ನೋಡುವುದನ್ನು ನಮ್ಮವರು ಈಗ ಕಲಿತಿದ್ದಾರೆ. ಕಲಿಯಲೇಬೇಕಾಯಿತು. ಕಲ್ಯಾಣ್–ಡೊಂಬಿವಲಿಯಲ್ಲಿ ಖೋಟಾ ದಾಖಲೆ ತೋರಿಸಿ ಮಹಾರೇರಾ (ಬಿಲ್ಡರ್‌ಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ) ನಂಬರು ಪಡೆದ 65 ಕಟ್ಟಡಗಳನ್ನು ಕೆಡವಲು ಹೈಕೋರ್ಟ್ 2024ರಲ್ಲಿ ಆದೇಶ ಕೊಟ್ಟಿತು. ರೇರಾ ನಂಬರು ಇದೆ ಅಂತ ನಂಬಿ ಕೊಂಡವರು ಬೀದಿಗೆ ಬೀಳುವ ಹಾಗಾಯಿತು. ಹಾಗಾಗಿ ವಕೀಲರ ಹತ್ತಿರ ಹೋಗುತ್ತಾರೆ, ಓಸಿ (ಕಟ್ಟಡದಲ್ಲಿ ವಾಸಕ್ಕೆ ಕೊಡುವ ಅನುಮತಿಪತ್ರ) ಕೇಳುತ್ತಾರೆ, ಕಾರ್ಪೆಟ್ ಏರಿಯಾ ಅಳೆಯುತ್ತಾರೆ. ಸೋಮವಾರ ಬೆಳಿಗ್ಗೆ ಏಳೂವರೆಗೆ ಆ ಪ್ಲ್ಯಾಟ್‌ಫಾರ್ಮಿನಲ್ಲಿ ಟಿಫಿನ್ ಬ್ಯಾಗ್ ಹಿಡಿದು ಒಮ್ಮೆ ನಿಂತು ನೋಡೋಕೆ ಮಾತ್ರ ಯಾರೂ ಹೋಗಲ್ಲ. ಮನೆ ಭಾನುವಾರವೇ ನೋಡುತ್ತಾರೆ, ಕಾರಲ್ಲೇ ನೋಡುತ್ತಾರೆ.

ಅಲ್ಲಿಯ ಗಾಳಿ ಒಳ್ಳೇದು, ನೆಮ್ಮದಿ ಇದೆ ಅನ್ನುವವರಿಗೆ ನನ್ನ ಜಗಳ ಇಲ್ಲ. ಅಂಬರನಾಥ್‌ನಲ್ಲೋ ಬದ್ಲಾಪುರದಲ್ಲೋ ಕೆಲಸ ಇರುವವರು, ರಿಟೈರ್ ಆದವರು ಖಂಡಿತ ತಗೊಳ್ಳಲಿ. ದಿನಾ ಫೋರ್ಟ್‌ಗೆ ಹೋಗುವ ಹೆಣ್ಣುಮಗಳಿಗೆ ಆ ಗಾಳಿ ಭಾನುವಾರ ಮಾತ್ರ.

ನಾನು ಅವರಿಗೆ ಹೇಳಿದ್ದು ಇಷ್ಟೇ. ಆಸೆ ಇದ್ದರೆ ಮೊದಲು ಅಲ್ಲೇ ಹನ್ನೊಂದು ತಿಂಗಳ ಅಗ್ರಿಮೆಂಟಿನ ಮೇಲೆ ಬಾಡಿಗೆಗೆ ಇರಿ. ಒಂದು ಮಳೆಗಾಲ ಕಳೆಯಲಿ. ಆಮೇಲೂ ಅವಳು ಬೇಕು ಅಂದರೆ ತಗೊಳ್ಳಿ, ಗೃಹಪ್ರವೇಶದ ಅಡುಗೆಗೆ ನಾನೇ ಬಂದು ನಿಲ್ಲುತ್ತೇನೆ. ಇಲ್ಲದಿದ್ದರೆ ಡೊಂಬಿವಲಿ, ಕಳವಾ ಕಡೆ ನೋಡಿ. ಅವನಿಗೂ ಐರೋಲಿಗೆ ಥಾಣೆಯಲ್ಲಿ ಗಾಡಿ ಬದಲಿಸಿದರೆ ಸಾಕು. ತಮ್ಮ ಮುಖ ಊದಿಸಿಕೊಂಡ. ಸೊಸೆ ಏನೂ ಮಾತಾಡಲಿಲ್ಲ. ರಾತ್ರಿ ಒಬ್ಬಳೇ ಫೋನ್ ಮಾಡಿದಳು. "ಅತ್ತೆ, ಅವರಿಗೆ ನಾನು ಹೇಳೋಕೆ ಆಗ್ತಿರಲಿಲ್ಲ" ಅಂದಳು.

ಬದ್ಲಾಪುರದ ಮನೆಗೆ ಟೋಕನ್ ಮುಂಗಡ ಇನ್ನೂ ಕೊಟ್ಟಿಲ್ಲ. ಡೊಂಬಿವಲಿ ಪೂರ್ವ, ಪಶ್ಚಿಮ ಅಥವಾ ಕಳವಾದಲ್ಲಿ ಒಂದು ಬೆಡ್‌ರೂಮಿನ ರೀಸೇಲ್ ಮನೆ ಗೊತ್ತಿದ್ದವರು ಇನ್‌ಬಾಕ್ಸ್‌ಗೆ ತಿಳಿಸಿ. ಓಸಿ ಇರಬೇಕು, ಸೊಸೈಟಿ ರಿಜಿಸ್ಟರ್ ಆಗಿರಬೇಕು, ಕಾರ್ಪೊರೇಶನ್ ನೀರು ಬರಬೇಕು. ಲಿಫ್ಟ್ ಇಲ್ಲದಿದ್ದರೂ ನಡೆಯುತ್ತೆ, ಎರಡನೇ ಮಾಳಿಗೆಯೊಳಗೆ ಆದರೆ. ಸ್ಟೇಶನ್ನಿಗೆ ನಡೆದು ಹೋಗುವ ಹಾಗಿರಲಿ. ನೋಡೋಕೆ ಸೋಮವಾರ ಬೆಳಿಗ್ಗೆ ಬರುತ್ತೇವೆ, ಅವಳನ್ನು ಕರೆದುಕೊಂಡು.